ಫ್ಲೋರಿಡಾ 2000: ಬುಷ್-ಗೋರ್ ಚುನಾವಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂದಾಗಲೆಲ್ಲ ಫ್ಲೋರಿಡಾದ ಹಳೇ ಕಥೆ ಮತ್ತೆ ಮೇಲೆ ಬರುತ್ತದೆ. ಮಾತಿನ ನಡುವೆ, ಪತ್ರಗಳಲ್ಲಿ ಜನ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕೇಳಿದವರ ಮಾತಲ್ಲೇ ಪ್ರಶ್ನೆ ಇದೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಬಹುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಚುನಾವಣೆ ಅಂದರೆ ಎಲ್ಲರೂ ಕೋರ್ಟಿನ ಜಗಳವನ್ನೇ ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೂತಿಗೆ ಹೋಗಿ ಮತ ಹಾಕಿಯೂ ಲೆಕ್ಕಕ್ಕೆ ಸೇರದೇ ಹೋದ ಜನ.

## ಮೊದಲು ತಿಳಿಯಬೇಕಾದದ್ದು

ಇಡೀ ದೇಶದ ಚುನಾವಣೆ ಒಂದೇ ರಾಜ್ಯದ ಮೇಲೆ ಹೇಗೆ ನಿಂತುಕೊಳ್ತು?

ಅಮೆರಿಕದಲ್ಲಿ ದೇಶದ ಒಟ್ಟು ಮತಗಳನ್ನು ಕೂಡಿ ಅಧ್ಯಕ್ಷರನ್ನು ಆರಿಸುವುದಿಲ್ಲ. ಪ್ರತಿ ರಾಜ್ಯಕ್ಕೂ ಇಷ್ಟು ಎಂದು ಎಲೆಕ್ಟೋರಲ್ ಮತಗಳಿವೆ. ಸಂಸತ್ತಿನ ಎರಡೂ ಮನೆಗಳಲ್ಲಿ ಆ ರಾಜ್ಯಕ್ಕೆ ಎಷ್ಟು ಸೀಟಿದೆಯೋ ಅಷ್ಟು. 2000ದಲ್ಲಿ ಫ್ಲೋರಿಡಾಕ್ಕೆ 25 ಇತ್ತು. ಗೆಲ್ಲಲು ಒಟ್ಟು 270 ಬೇಕು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟು ಎಲ್ಲ ರಾಜ್ಯಗಳಲ್ಲೂ ಒಂದೇ ಒಂದು ಮತ ಜಾಸ್ತಿ ಬಂದರೂ ಆ ರಾಜ್ಯದ ಪೂರ್ತಿ ಗಂಟು ಗೆದ್ದವರಿಗೇ.

ನವೆಂಬರ್ 7ರಂದು ಮತದಾನ ಆಯಿತು. ಉಳಿದ ರಾಜ್ಯಗಳ ಲೆಕ್ಕ ಮುಗಿದ ಮೇಲೆ ಫ್ಲೋರಿಡಾ ಬಿಟ್ಟು ನೋಡಿದರೆ ರಿಪಬ್ಲಿಕನ್ ಪಕ್ಷದ ಜಾರ್ಜ್ ಡಬ್ಲ್ಯೂ. ಬುಷ್ 246ರಲ್ಲಿ, ಡೆಮಾಕ್ರಟಿಕ್ ಪಕ್ಷದ ಆಲ್ ಗೋರ್ 267ರಲ್ಲಿ ನಿಂತಿದ್ದರು. ಫ್ಲೋರಿಡಾ ಯಾರಿಗೋ ಅಧ್ಯಕ್ಷ ಪದವಿ ಅವರಿಗೆ. ಗೋರ್ ತಮ್ಮ ಸ್ವಂತ ರಾಜ್ಯ ಟೆನೆಸ್ಸಿಯಲ್ಲೇ ಸೋತಿದ್ದರು. ಅಲ್ಲಿನ 11 ಮತ ಸಿಕ್ಕಿದ್ದರೆ ಫ್ಲೋರಿಡಾ ಬೇಕಾಗಿಯೇ ಇರಲಿಲ್ಲ.

ಇನ್ನೊಂದು ಮಾತು. ಆ ವರ್ಷ ಅತಿ ಕಡಿಮೆ ಅಂತರ ಇದ್ದದ್ದು ಫ್ಲೋರಿಡಾದಲ್ಲಲ್ಲ, ನ್ಯೂ ಮೆಕ್ಸಿಕೋದಲ್ಲಿ. ಗೋರ್ ಅಲ್ಲಿ ಬರೀ 366 ಮತದಿಂದ ಗೆದ್ದರು. ಅಲ್ಲಿ ಇದ್ದದ್ದು 5 ಎಲೆಕ್ಟೋರಲ್ ಮತ ಮಾತ್ರ. ಹಾಗಾಗಿ ಆ ಕಡೆ ಯಾರೂ ತಿರುಗಿ ನೋಡಲಿಲ್ಲ.

ದೇಶದಲ್ಲಿ ಜಾಸ್ತಿ ಮತ ಬಂದದ್ದು ಗೋರ್‌ಗೆ ಅಂತಾರಲ್ಲ, ನಿಜಾನಾ?

ನಿಜ. ದೇಶದ ಒಟ್ಟು ಲೆಕ್ಕದಲ್ಲಿ ಗೋರ್‌ಗೆ 5 ಲಕ್ಷ 40 ಸಾವಿರಕ್ಕೂ ಹೆಚ್ಚು ಮತ ಜಾಸ್ತಿ ಬಂದಿತ್ತು. ಕೊನೆಯ ಎಲೆಕ್ಟೋರಲ್ ಲೆಕ್ಕ ಬುಷ್‌ಗೆ 271, ಗೋರ್‌ಗೆ 266. ಒಂದು ಮತ ಕಡಿಮೆಯಾದದ್ದು ಹೇಗೆ ಅಂತಲೂ ಜನ ಕೇಳುತ್ತಾರೆ. ರಾಜಧಾನಿ ವಾಷಿಂಗ್ಟನ್ನಿನ ಎಲೆಕ್ಟರ್ (ಎಲೆಕ್ಟೋರಲ್ ಮತ ಹಾಕುವ ಪ್ರತಿನಿಧಿ) ಒಬ್ಬರು ತಮ್ಮ ನಗರಕ್ಕೆ ಸಂಸತ್ತಿನಲ್ಲಿ ಮತದ ಹಕ್ಕಿಲ್ಲದ್ದನ್ನು ಪ್ರತಿಭಟಿಸಿ ಚೀಟಿಯನ್ನು ಖಾಲಿ ಬಿಟ್ಟರು.

537 ಅನ್ನೋ ಸಂಖ್ಯೆ ಎಲ್ಲಿಂದ ಬಂತು?

ನವೆಂಬರ್ 26ರ ಸಂಜೆ ರಾಜ್ಯ ಸರ್ಕಾರ ಸಹಿ ಹಾಕಿದ ಲೆಕ್ಕ ಇದು: ಬುಷ್ 29,12,790, ಗೋರ್ 29,12,253. ಸುಮಾರು 60 ಲಕ್ಷ ಮತದಲ್ಲಿ 537ರ ಅಂತರ. ಶೇಕಡಾವಾರು ನೋಡಿದರೆ 0.009.

ಈ ಸಂಖ್ಯೆ ಒಂದೇ ಸಲಕ್ಕೆ ಬಂದದ್ದಲ್ಲ. ಮೊದಲ ಎಣಿಕೆಯಲ್ಲಿ ಬುಷ್ 1,784 ಮತ ಮುಂದಿದ್ದರು. ಅಂತರ ಅರ್ಧ ಶೇಕಡಾಕ್ಕಿಂತ ಕಡಿಮೆ ಇದ್ದರೆ ಯಂತ್ರದಲ್ಲಿ ಮರುಎಣಿಕೆ ಆಗಲೇಬೇಕೆಂದು ರಾಜ್ಯದ ಕಾನೂನು ಹೇಳುತ್ತಿತ್ತು. ಅದಾದ ಮೇಲೆ ನವೆಂಬರ್ 14ರ ಲೆಕ್ಕಕ್ಕೆ ಅಂತರ 300ಕ್ಕೆ ಇಳಿಯಿತು. ವಿದೇಶದಿಂದ ಬಂದ ಅಂಚೆ ಮತ ಸೇರಿದಾಗ 930ಕ್ಕೆ ಏರಿತು. ಕೈ ಎಣಿಕೆಯ ಒಂದಿಷ್ಟು ಭಾಗ ಸೇರಿ 537ಕ್ಕೆ ಬಂದು ನಿಂತಿತು.

ನಮ್ಮ ಓದುಗರಿಗೆ ಇಂಥ ಅಂತರ ಹೊಸದೇನೂ ಅಲ್ಲ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಒಂದೇ ಮತದಿಂದ ಸೋಲಿಸಿದರು, 40,752ಕ್ಕೆ 40,751. ಅಲ್ಲಿ ಮತ ಬಿದ್ದದ್ದು ಯಂತ್ರದಲ್ಲಿ. ಫ್ಲೋರಿಡಾದಲ್ಲಿ ಕಾಗದದ ಮೇಲಿನ ತೂತು ನೋಡಿ ಅದು ಮತವೋ ಅಲ್ಲವೋ ಅಂತ ಮನುಷ್ಯರೇ ತೀರ್ಮಾನಿಸಬೇಕಾಯಿತು.

ಅಮೆರಿಕಕ್ಕೆ ನಮ್ಮ ಹಾಗೆ ಚುನಾವಣಾ ಆಯೋಗ ಇಲ್ವಾ? ಎಣಿಸಿದವರು ಯಾರು?

ಇಡೀ ದೇಶದ ಚುನಾವಣೆ ನಡೆಸುವ ಒಂದು ಸಂಸ್ಥೆ ಅಲ್ಲಿಲ್ಲ. ಚುನಾವಣೆ ರಾಜ್ಯದ ಕೆಲಸ. ರಾಜ್ಯ ಅದನ್ನು ನಮ್ಮ ಜಿಲ್ಲೆಗಳಂಥ ಕೌಂಟಿಗಳಿಗೆ ಬಿಟ್ಟಿದೆ. ಫ್ಲೋರಿಡಾದಲ್ಲಿ 67 ಕೌಂಟಿ. ಪ್ರತಿ ಕೌಂಟಿಯಲ್ಲೂ ಚುನಾವಣಾ ಮೇಲ್ವಿಚಾರಕರು ಇರುತ್ತಾರೆ. ಮತಪತ್ರ ಹೇಗಿರಬೇಕು, ಯಾವ ಯಂತ್ರ ಕೊಳ್ಳಬೇಕು ಎಂಬುದೆಲ್ಲ ಅಲ್ಲೇ ತೀರ್ಮಾನ. ಶ್ರೀಮಂತ ಕೌಂಟಿಗೆ ಒಳ್ಳೇ ಯಂತ್ರ, ಬಡ ಕೌಂಟಿಗೆ ಹಳೇ ಯಂತ್ರ ಅನ್ನುವ ಸ್ಥಿತಿ ಇತ್ತು.

ಮೇಲೆ ಕೂತವರು ಪಕ್ಷದವರೇ. ಫಲಿತಾಂಶಕ್ಕೆ ಸಹಿ ಹಾಕಬೇಕಾಗಿದ್ದ ರಾಜ್ಯ ಕಾರ್ಯದರ್ಶಿ ಕ್ಯಾಥರೀನ್ ಹ್ಯಾರಿಸ್ ಫ್ಲೋರಿಡಾದಲ್ಲಿ ಬುಷ್ ಪ್ರಚಾರದ ಸಹ ಅಧ್ಯಕ್ಷೆಯೂ ಆಗಿದ್ದರು. ಅಟಾರ್ನಿ ಜನರಲ್ ಬಾಬ್ ಬಟರ್‌ವರ್ತ್ ಗೋರ್ ಪ್ರಚಾರದ ರಾಜ್ಯ ಮುಖ್ಯಸ್ಥರು. ಗವರ್ನರ್ ಜೆಬ್ ಬುಷ್ ಅಭ್ಯರ್ಥಿಯ ತಮ್ಮ. ಅವರು ಮತ ಪರಿಶೀಲಿಸುವ ಸಮಿತಿಯಿಂದ ಹಿಂದೆ ಸರಿದರು. ಆಟಗಾರರೇ ಅಂಪೈರ್ ಆಗುವ ಈ ಪದ್ಧತಿ ಅಲ್ಲಿ ಇವತ್ತಿಗೂ ಹೆಚ್ಚು ಕಡಿಮೆ ಹಾಗೇ ಇದೆ. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಕಾಲದಿಂದ ಆಯೋಗ ಕಂಡ ನಮಗೆ ಇದು ಒಪ್ಪಿಕೊಳ್ಳಲು ಕಷ್ಟವಾಗುತ್ತದೆ.

ಆ ರಾತ್ರಿ ಟಿವಿಯವರು ಇಬ್ಬರನ್ನೂ ಗೆಲ್ಲಿಸಿದ್ದರಂತೆ, ಹೌದಾ?

ಹೌದು. ಸಂಜೆ 8 ಗಂಟೆಗೂ ಸ್ವಲ್ಪ ಮುಂಚೆ ವಾಹಿನಿಗಳು ಫ್ಲೋರಿಡಾವನ್ನು ಗೋರ್‌ಗೆ ಕೊಟ್ಟುಬಿಟ್ಟವು. ರಾಜ್ಯದ ಪಶ್ಚಿಮದ ತುದಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಇರುತ್ತದೆ. ಅಲ್ಲಿ ಮತದಾನ ಇನ್ನೂ ಮುಗಿದಿರಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಆ ಮಾತನ್ನು ವಾಪಸ್ ತೆಗೆದುಕೊಂಡವು. ನಡುರಾತ್ರಿ ಕಳೆದು 2 ಗಂಟೆ 16 ನಿಮಿಷಕ್ಕೆ ಫಾಕ್ಸ್ ನ್ಯೂಸ್ ಬುಷ್ ಗೆದ್ದರು ಎಂದಿತು. ಉಳಿದವರೂ ಕೆಲವೇ ನಿಮಿಷದಲ್ಲಿ ಹಿಂದೆ ಓಡಿದರು.

ಗೋರ್ ಫೋನ್ ಮಾಡಿ ಬುಷ್‌ಗೆ ಅಭಿನಂದನೆ ಹೇಳಿದರು. ಸೋಲೊಪ್ಪುವ ಭಾಷಣಕ್ಕೆ ಹೊರಟಿದ್ದಾಗ ಅಂತರ ಕರಗುತ್ತಿರುವ ಸುದ್ದಿ ಬಂತು. ಇನ್ನೊಂದು ಫೋನ್ ಮಾಡಿ ಕೊಟ್ಟ ಮಾತು ಹಿಂತೆಗೆದುಕೊಂಡರು. ಈ ಗೊಂದಲಕ್ಕೆ ವೊಲೂಸಿಯಾ ಕೌಂಟಿಯ ಒಂದು ಕಂಪ್ಯೂಟರ್ ತಪ್ಪೂ ಕಾರಣ. ಅಲ್ಲಿನ 216ನೇ ಮತಗಟ್ಟೆಯಿಂದ ಬಂದ ಲೆಕ್ಕದಲ್ಲಿ ಗೋರ್‌ಗೆ ಮೈನಸ್ 16,022 ಮತ ಅಂತ ಇತ್ತು! ಅದನ್ನು ಬೇಗನೇ ಸರಿಪಡಿಸಿದರು. ಆದರೆ ಆ ಹೊತ್ತಿಗೆ ಬುಷ್ ಗೆದ್ದರು ಅನ್ನುವ ಮಾತು ದೇಶದ ಮನಸ್ಸಿನಲ್ಲಿ ಕೂತಾಗಿತ್ತು. ಮುಂದಿನ 36 ದಿನ ಗೋರ್ ಗೆದ್ದದ್ದನ್ನು ಕಿತ್ತುಕೊಳ್ಳಲು ಬಂದವರಂತೆ ಕಂಡರು. ಆ ಒಂದು ರಾತ್ರಿಯ ಅವಸರ ಬುಷ್ ಕಡೆಗೆ ಎಷ್ಟು ಸಹಾಯ ಮಾಡಿತು ಎಂಬುದನ್ನು ಕಡೆಗಣಿಸಬಾರದು.

## ಮತಪತ್ರ ಮತ್ತು ಮತದಾರರು

ಚ್ಯಾಡ್ ಚ್ಯಾಡ್ ಅಂತಿದ್ರಲ್ಲ, ಅದು ಏನು?

ಹಳೇ ಬಸ್ ಕಂಡಕ್ಟರ್ ಟಿಕೆಟ್‌ಗೆ ಪಂಚ್ ಹೊಡೆದಾಗ ಕೆಳಗೆ ಉದುರುವ ಕಾಗದದ ಚೂರು ನೆನಪಿದೆಯಾ? ಅಂಥದೇ ಚೂರು ಇದು. ಫ್ಲೋರಿಡಾದ ದೊಡ್ಡ ಕೌಂಟಿಗಳಲ್ಲಿ ಮತದಾರರು ರಟ್ಟಿನ ಕಾರ್ಡನ್ನು ಒಂದು ಸಾಧನದೊಳಗೆ ತೂರಿಸಿ, ಬೇಕಾದ ಹೆಸರಿನ ಎದುರು ಚೂಪಾದ ಕಡ್ಡಿಯಿಂದ ಚುಚ್ಚುತ್ತಿದ್ದರು. ಚೂರು ಉದುರಿ ತೂತಾಗಬೇಕು. ಯಂತ್ರ ಆ ತೂತನ್ನು ಬೆಳಕಿನಿಂದ ಓದುತ್ತಿತ್ತು.

ಚೂರು ಪೂರ್ತಿ ಉದುರದಿದ್ದರೆ ಕಷ್ಟ. ಒಂದು ಮೂಲೆಯಲ್ಲಿ ನೇತಾಡುವ ಚೂರು, ಎರಡು ಮೂಲೆಯಲ್ಲಿ ಅಂಟಿಕೊಂಡದ್ದು, ಎಲ್ಲೂ ಹರಿಯದೆ ಬರೀ ಉಬ್ಬಿದ್ದು, ಹೀಗೆ ಒಂದೊಂದಕ್ಕೂ ಒಂದೊಂದು ಹೆಸರು. ಮತದಾರನ ಮನಸ್ಸು ಸ್ಪಷ್ಟವಾಗಿ ಕಂಡರೆ ಸಾಕು ಎನ್ನುತ್ತಿತ್ತು ರಾಜ್ಯದ ಕಾನೂನು. ಎಷ್ಟು ಹರಿದರೆ ಸ್ಪಷ್ಟ ಎಂದು ಅದು ಹೇಳಿರಲಿಲ್ಲ. ಬ್ರೋವರ್ಡ್ ಕೌಂಟಿಯಲ್ಲಿ ಉಬ್ಬನ್ನೂ ಮತವೆಂದು ಒಪ್ಪಿಕೊಂಡರು. ಪಾಮ್ ಬೀಚ್‌ನಲ್ಲಿ ಎಣಿಸುತ್ತಾ ಇರುವಾಗಲೇ ಅಳತೆ ಬದಲಾಯಿತು. ಮುಂದೆ ಕೋರ್ಟಿನಲ್ಲಿ ಬುಷ್ ಕಡೆಯ ವಕೀಲರು ಹಿಡಿದುಕೊಂಡದ್ದು ಇದನ್ನೇ.

ಬಟರ್‌ಫ್ಲೈ ಮತಪತ್ರದಿಂದ ನಿಜವಾಗಿ ಫಲಿತಾಂಶ ಬದಲಾಯ್ತಾ?

ಬದಲಾಯಿತು ಎಂದೇ ನಾನು ನಂಬುತ್ತೇನೆ. ಅದಕ್ಕೆ ಗಟ್ಟಿ ಆಧಾರವೂ ಇದೆ.

ಪಾಮ್ ಬೀಚ್ ಕೌಂಟಿಯಲ್ಲಿ ವಯಸ್ಸಾದ ಮತದಾರರು ಜಾಸ್ತಿ. ಆ ವರ್ಷ ಮತಪತ್ರದಲ್ಲಿ ಹತ್ತು ಅಭ್ಯರ್ಥಿಗಳ ಹೆಸರು ಇದ್ದವು. ಒಂದೇ ಸಾಲಿನಲ್ಲಿ ಹಾಕಿದರೆ ಅಕ್ಷರ ಸಣ್ಣದಾಗುತ್ತದೆ. ಹಿರಿಯರಿಗೆ ಓದಲು ಸುಲಭವಾಗಲಿ ಎಂದು ಮೇಲ್ವಿಚಾರಕಿ ಥೆರೆಸಾ ಲಪೋರ್ ಹೆಸರುಗಳನ್ನು ಚಿಟ್ಟೆಯ ರೆಕ್ಕೆಗಳಂತೆ ಎರಡು ಪುಟಗಳಿಗೆ ಹಂಚಿದರು. ಚುಚ್ಚುವ ತೂತುಗಳ ಸಾಲು ಮಾತ್ರ ನಡುವೆ ಒಂದೇ. ಎಡ ಪುಟದಲ್ಲಿ ಬುಷ್ ಮೊದಲು, ಅವರ ಕೆಳಗೆ ಗೋರ್. ಆದರೆ ನಡುವಿನ ಸಾಲಿನಲ್ಲಿ ಎರಡನೇ ತೂತು ಬಲ ಪುಟದ ಪ್ಯಾಟ್ ಬುಕಾನನ್‌ಗೆ ಸೇರಿದ್ದು. ಗೋರ್‌ದು ಮೂರನೇದು. ಎಡಗಡೆ ಎರಡನೇ ಹೆಸರು ನೋಡಿ ಎರಡನೇ ತೂತು ಚುಚ್ಚಿದವರ ಮತ ಬುಕಾನನ್‌ಗೆ ಹೋಯಿತು.

ಬುಕಾನನ್ ಕಟ್ಟಾ ಬಲಪಂಥೀಯರು. ಯಹೂದಿಗಳು, ಡೆಮಾಕ್ರಟಿಕ್ ಪಕ್ಷದ ಬೆಂಬಲಿಗರು ತುಂಬಿದ ಆ ಕೌಂಟಿಯಲ್ಲಿ ಅವರಿಗೆ 3,400ಕ್ಕೂ ಹೆಚ್ಚು ಮತ ಬಿತ್ತು. ಅವರಿಗೆ ಜಾಸ್ತಿ ಮತ ಕೊಟ್ಟ ಕೌಂಟಿಗಳಲ್ಲಿ ಎರಡನೇ ಸ್ಥಾನದ ಪಿನೆಲಸ್‌ನಲ್ಲೇ ಬಂದದ್ದು ಸುಮಾರು ಒಂದು ಸಾವಿರ. ಪಾಮ್ ಬೀಚ್‌ನಲ್ಲೇ ಅಂಚೆ ಮೂಲಕ ಮತ ಹಾಕಿದವರಿಗೆ ಬೇರೆ ವಿನ್ಯಾಸದ ಮತಪತ್ರ ಇತ್ತು. ಅಂಚೆ ಮತಕ್ಕೆ ಹೋಲಿಸಿದರೆ ಬೂತಿನಲ್ಲಿ ಬುಕಾನನ್‌ಗೆ ಬಿದ್ದ ಪಾಲು ಸುಮಾರು ನಾಲ್ಕು ಪಟ್ಟು. ಜನ ಅದೇ, ಕೌಂಟಿ ಅದೇ, ಕಾಗದ ಮಾತ್ರ ಬೇರೆ. ಈ ಮತಗಳಲ್ಲಿ ಹೆಚ್ಚಿನವು ತಮ್ಮವಲ್ಲ ಎಂದು ಬುಕಾನನ್ ಅವರೇ ಟಿವಿಯಲ್ಲಿ ಒಪ್ಪಿಕೊಂಡರು.

ಇನ್ನು ಕೆಲವರಿಗೆ ತಪ್ಪು ಚುಚ್ಚಿದ್ದು ಗೊತ್ತಾಗಿ ಗೋರ್ ತೂತನ್ನೂ ಚುಚ್ಚಿದರು. ಎರಡು ತೂತಾದ್ದರಿಂದ ಆ ಮತವೇ ರದ್ದು. ಆ ಕೌಂಟಿಯಲ್ಲಿ ಹೀಗೆ ಒಂದಕ್ಕಿಂತ ಹೆಚ್ಚು ತೂತಾಗಿ 19,000ಕ್ಕೂ ಹೆಚ್ಚು ಮತಪತ್ರ ಹಾಳಾದವು. ಅದರಲ್ಲಿ ಗೋರ್ ಮತ್ತು ಬುಕಾನನ್ ಇಬ್ಬರಿಗೂ ಚುಚ್ಚಿದ್ದೇ 5,000ಕ್ಕಿಂತ ಜಾಸ್ತಿ.

ಲಪೋರ್ ಆಗ ಡೆಮಾಕ್ರಟಿಕ್ ಪಕ್ಷದವರೇ. ಮಾದರಿ ಮತಪತ್ರವನ್ನು ಚುನಾವಣೆಗೆ ಮುಂಚೆಯೇ ಹಂಚಿದ್ದರು. ಆಗ ಯಾವ ಪಕ್ಷವೂ ತಕರಾರು ತೆಗೆಯಲಿಲ್ಲ. ಇದರಲ್ಲಿ ಸಂಚು ಹುಡುಕುವವರು ಸುಮ್ನೆ ಹೊತ್ತು ಕಳೆಯುತ್ತಾರೆ. ಒಳ್ಳೇ ಮನಸ್ಸಿನಿಂದ ಮಾಡಿದ ಕೆಟ್ಟ ವಿನ್ಯಾಸ ಅದು. ಮರುಚುನಾವಣೆ ಕೇಳಿದವರಿಗೆ ಕೋರ್ಟಿನಲ್ಲಿ ಪರಿಹಾರ ಸಿಗಲಿಲ್ಲ.

ಕಪ್ಪು ಜನರ ಮತಗಳೇ ಜಾಸ್ತಿ ಹಾಳಾದವು ಅಂತಾರೆ. ಇದಕ್ಕೆ ಆಧಾರ ಇದೆಯಾ?

ಇದೆ. ಅಮೆರಿಕದ ನಾಗರಿಕ ಹಕ್ಕುಗಳ ಆಯೋಗ 2001ರಲ್ಲಿ ವಿಚಾರಣೆ ನಡೆಸಿ ವರದಿ ಕೊಟ್ಟಿತು. ಅದರ ಅಂದಾಜಿನಂತೆ ಕಪ್ಪು ಮತದಾರರ ಮತಗಳಲ್ಲಿ ಶೇ. 14.4 ತಿರಸ್ಕಾರವಾದರೆ, ಉಳಿದವರಲ್ಲಿ ಅದು ಶೇ. 1.6 ಮಾತ್ರ. ಆಯೋಗದ ಎಲ್ಲ ಸದಸ್ಯರೂ ಈ ಲೆಕ್ಕವನ್ನು ಒಪ್ಪಲಿಲ್ಲ. ವ್ಯತ್ಯಾಸ ದೊಡ್ಡದಾಗಿತ್ತು ಎಂಬುದನ್ನು ಮುಂದೆ ಬಂದ ಅಧ್ಯಯನಗಳೂ ತೋರಿಸಿವೆ.

ಡುವಾಲ್ ಕೌಂಟಿ, ಅಂದರೆ ಜಾಕ್ಸನ್‌ವಿಲ್ ನಗರದ ಉದಾಹರಣೆ ನೋಡಿ. ಅಲ್ಲಿ ಅಧ್ಯಕ್ಷ ಅಭ್ಯರ್ಥಿಗಳ ಹೆಸರು ಒಂದಾದ ಮೇಲೆ ಒಂದರಂತೆ ಎರಡು ಪುಟದಲ್ಲಿದ್ದವು. ಮಾದರಿ ಮತಪತ್ರದಲ್ಲಿ ಪ್ರತಿ ಪುಟದಲ್ಲೂ ಮತ ಹಾಕಿ ಎಂಬ ಸೂಚನೆ ಇತ್ತು. ಆ ಮಾತು ಕೇಳಿ ಎರಡೂ ಪುಟದಲ್ಲಿ ಚುಚ್ಚಿದವರ ಮತ ರದ್ದಾಯಿತು. ಆ ಒಂದೇ ಕೌಂಟಿಯಲ್ಲಿ ಸುಮಾರು 27,000 ಮತಪತ್ರ ಲೆಕ್ಕಕ್ಕೆ ಬರಲಿಲ್ಲ. ಕಪ್ಪು ಜನರಿರುವ ಬಡಾವಣೆಗಳಲ್ಲಿ ಇದರ ಪೆಟ್ಟು ಜೋರಾಗಿತ್ತು. ಅಲ್ಲಿ ಆ ವರ್ಷ ಮೊದಲ ಸಲ ಮತ ಹಾಕಲು ಬಂದವರು ತುಂಬಾ ಜನ. ಹೇಳಿದ ಹಾಗೆ ಕೇಳಿದ್ದಕ್ಕೇ ಮತ ಕಳೆದುಕೊಂಡರು. ಇಡೀ ಚುನಾವಣೆಯಲ್ಲಿ ನನಗೆ ತುಂಬಾ ನೋವು ಕೊಡುವ ಸಂಗತಿ ಇದು.

ಮತದಾರರ ಪಟ್ಟಿಯಿಂದಲೇ ಹೆಸರು ಕಿತ್ತುಹಾಕಿದ್ದರಂತಲ್ಲ?

ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರಿಗೆ ಫ್ಲೋರಿಡಾದಲ್ಲಿ ಆಗ ಜೀವನಪೂರ್ತಿ ಮತದ ಹಕ್ಕಿರಲಿಲ್ಲ. ಅಂಥವರ ಹೆಸರು ತೆಗೆಯಲು ರಾಜ್ಯ ಒಂದು ಖಾಸಗಿ ಕಂಪನಿಯಿಂದ ಪಟ್ಟಿ ಮಾಡಿಸಿತು. ಅದರಲ್ಲಿ ಸುಮಾರು 58,000 ಹೆಸರು. ಹೆಸರು ಪೂರ್ತಿ ತಾಳೆಯಾಗಬೇಕಿಲ್ಲ, ಹತ್ತಿರ ಇದ್ದರೂ ಸೇರಿಸಿ ಎಂದು ರಾಜ್ಯವೇ ಹೇಳಿತ್ತು. ಹೀಗಾಗಿ ಯಾವ ಅಪರಾಧವನ್ನೂ ಮಾಡದವರ ಹೆಸರೂ ಸೇರಿತು. ಪಟ್ಟಿಯಲ್ಲಿ ಕಪ್ಪು ಜನರ ಪಾಲು ಅವರ ಜನಸಂಖ್ಯೆಗಿಂತ ತುಂಬಾ ಹೆಚ್ಚಿತ್ತು. ಕೆಲವು ಕೌಂಟಿಗಳು ಪಟ್ಟಿಯನ್ನು ನಂಬದೆ ಪಕ್ಕಕ್ಕಿಟ್ಟವು. ಉಳಿದ ಕಡೆ ಜನ ಬೂತಿಗೆ ಬಂದ ಮೇಲೆಯೇ ತಮ್ಮ ಹೆಸರು ಹೋಗಿದೆ ಎಂದು ತಿಳಿದದ್ದು. ಮರುಎಣಿಕೆ ಎಷ್ಟು ಸಲ ಮಾಡಿದರೂ ಇವರ ಮತ ಸಿಗುತ್ತಿರಲಿಲ್ಲ, ಏಕೆಂದರೆ ಅದು ಪೆಟ್ಟಿಗೆಗೇ ಬಿದ್ದಿರಲಿಲ್ಲ.

ಗೋರ್ ಸೋತದ್ದು ರಾಲ್ಫ್ ನೇಡರ್ ಇಂದ ಅಲ್ವಾ?

ಗ್ರೀನ್ ಪಕ್ಷದ ನೇಡರ್‌ಗೆ ಫ್ಲೋರಿಡಾದಲ್ಲಿ 97,000ಕ್ಕೂ ಹೆಚ್ಚು ಮತ ಬಿತ್ತು. ಅದರಲ್ಲಿ ಸ್ವಲ್ಪ ಪಾಲು ಗೋರ್ ಕಡೆ ಹೋಗಿದ್ದರೂ ಸಾಕಿತ್ತು. ಆದರೆ ಅಂತರ ಇಷ್ಟು ಸಣ್ಣದಾದಾಗ ಯಾರನ್ನು ಬೇಕಾದರೂ ಕಾರಣ ಮಾಡಬಹುದು. ಹತ್ತು ಅಭ್ಯರ್ಥಿಗಳಲ್ಲಿ ಕೊನೆಗೆ ಬಂದ ಸೋಷಲಿಸ್ಟ್ ವರ್ಕರ್ಸ್ ಪಕ್ಷದ ಜೇಮ್ಸ್ ಹ್ಯಾರಿಸ್‌ಗೂ 562 ಮತ ಇತ್ತು. ಅದೂ 537ಕ್ಕಿಂತ ಜಾಸ್ತಿಯೇ.

## ಮರುಎಣಿಕೆ ಮತ್ತು ಕೋರ್ಟು

ಗೋರ್ ನಾಲ್ಕೇ ಕೌಂಟಿಯಲ್ಲಿ ಮರುಎಣಿಕೆ ಕೇಳಿದ್ದು ಯಾಕೆ? ಇಡೀ ರಾಜ್ಯಕ್ಕೆ ಕೇಳಬಹುದಿತ್ತಲ್ಲ?

ಇಡೀ ರಾಜ್ಯಕ್ಕೆ ಒಂದೇ ಅರ್ಜಿ ಹಾಕುವ ದಾರಿ ಆ ಹಂತದಲ್ಲಿ ಕಾನೂನಿನಲ್ಲಿ ಇರಲಿಲ್ಲ. ಕೌಂಟಿ ಕೌಂಟಿಗೂ ಬೇರೆ ಬೇರೆ ಕೇಳಬೇಕಿತ್ತು. ಗೋರ್ ಕಡೆಯವರು ಪಾಮ್ ಬೀಚ್, ಮಯಾಮಿ-ಡೇಡ್, ಬ್ರೋವರ್ಡ್, ವೊಲೂಸಿಯಾ ಆರಿಸಿಕೊಂಡರು. ನಾಲ್ಕರಲ್ಲೂ ಗೋರ್ ಮುಂದಿದ್ದರು. ಎಲ್ಲ ಮತ ಎಣಿಸಿ ಎಂದು ಬಾಯಲ್ಲಿ ಹೇಳುತ್ತಾ ತಮಗೆ ಬೇಕಾದ ಕಡೆ ಮಾತ್ರ ಎಣಿಸಲು ಕೇಳಿದ್ದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ. ಆಮೇಲೆ ಗೋರ್ ಇಡೀ ರಾಜ್ಯದ ಎಣಿಕೆಗೆ ಒಪ್ಪೋಣ ಎಂದು ಟಿವಿಯಲ್ಲಿ ಹೇಳಿದರು. ಬುಷ್ ಒಪ್ಪಲಿಲ್ಲ.

ಮಯಾಮಿಯಲ್ಲಿ ಗಲಾಟೆ ಮಾಡಿ ಎಣಿಕೆ ನಿಲ್ಲಿಸಿದ್ರಂತೆ?

ನವೆಂಬರ್ 21ರಂದು ಫ್ಲೋರಿಡಾ ಸುಪ್ರೀಂ ಕೋರ್ಟ್ ಕೈ ಎಣಿಕೆಗೆ 26ರ ಸಂಜೆ 5ರವರೆಗೆ ಸಮಯ ಕೊಟ್ಟಿತು. ಅಷ್ಟರಲ್ಲಿ ಎಲ್ಲ ಮುಗಿಯದು ಎಂದು ಮಯಾಮಿ-ಡೇಡ್ ಸಮಿತಿ ಮರುದಿನ ಯಂತ್ರಕ್ಕೆ ಮತ ಕಾಣದ ಸುಮಾರು 10,750 ಚೀಟಿಗಳನ್ನು ಮಾತ್ರ ಎಣಿಸಲು ಮೇಲಿನ ಮಹಡಿಯ ಸಣ್ಣ ಕೋಣೆಗೆ ಹೋಯಿತು. ಹೊರಗೆ ರಿಪಬ್ಲಿಕನ್ ಪಕ್ಷದವರು ಬಾಗಿಲು ಬಡಿದು ಕೂಗಾಡಿದರು. ಅವರಲ್ಲಿ ಬಹಳ ಜನ ವಾಷಿಂಗ್ಟನ್ನಿನಿಂದ ಬಂದ ಪಕ್ಷದ ಸಿಬ್ಬಂದಿ. ಅದೇ ದಿನ ಸಮಿತಿ ಎಣಿಕೆಯನ್ನೇ ಕೈಬಿಟ್ಟಿತು. ಹೆದರಿ ನಿಲ್ಲಿಸಲಿಲ್ಲ, ಸಮಯ ಸಾಲದೆ ನಿಲ್ಲಿಸಿದೆವು ಎಂದರು ಸದಸ್ಯರು.

ಪಾಮ್ ಬೀಚ್‌ನವರು ಎಣಿಸುತ್ತಲೇ ಹೋದರು. ಗಡುವು ದಾಟಿದ ಸುಮಾರು ಎರಡು ಗಂಟೆಯೊಳಗೆ ಮುಗಿಸಿದರು. ಹ್ಯಾರಿಸ್ ಆ ಲೆಕ್ಕವನ್ನು ತೆಗೆದುಕೊಳ್ಳಲಿಲ್ಲ.

ವಿದೇಶದಿಂದ ಬಂದ ಸೈನಿಕರ ಮತಗಳಲ್ಲಿ ಏನು ತಕರಾರು?

ಅಂಚೆ ಮುದ್ರೆ, ತಾರೀಕು, ಸಾಕ್ಷಿಯ ಸಹಿ ಇಲ್ಲದ ಮತಗಳನ್ನು ಕಾನೂನಿನಂತೆ ತೆಗೆದುಹಾಕಬೇಕು ಎಂದರು ಡೆಮಾಕ್ರಟಿಕ್ ವಕೀಲರು. ಸೈನಿಕರ ಮತ ಬೇಡವೇ ಎಂದು ರಿಪಬ್ಲಿಕನ್ನರು ಕೇಳಿದಾಗ ಗೋರ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜೋ ಲೀಬರ್‌ಮನ್ ಅವರೇ ಹಿಂದೆ ಸರಿದರು. ಚ್ಯಾಡ್ ವಿಷಯದಲ್ಲಿ ನಿಯಮ ಕಟ್ಟುನಿಟ್ಟಾಗಿರಲಿ ಎಂದವರು ಇಲ್ಲಿ ಸಡಿಲ ಇರಲಿ ಎಂದರು. ಅಲ್ಲಿ ಸಡಿಲ ಕೇಳಿದವರು ಇಲ್ಲಿ ಬಿಗಿ ಕೇಳಿದರು.

ಸುಪ್ರೀಂ ಕೋರ್ಟ್ ತೀರ್ಪು 7-2 ಆಗಿತ್ತಾ, 5-4 ಆಗಿತ್ತಾ? ಎರಡೂ ಕೇಳಿದ್ದೀನಿ.

ಎರಡೂ ಸರಿ. ಡಿಸೆಂಬರ್ 8ರಂದು ಫ್ಲೋರಿಡಾ ಸುಪ್ರೀಂ ಕೋರ್ಟ್ 4-3ರಲ್ಲಿ ಒಂದು ಆದೇಶ ಕೊಟ್ಟಿತು. ಬಿಟ್ಟುಹೋಗಿದ್ದ ಕೆಲವು ಮತಗಳನ್ನು ಸೇರಿಸಿತು. ಅಂತರ 200ಕ್ಕಿಂತ ಕೆಳಗೆ ಬಂತು. ಯಂತ್ರ ಮತ ಕಾಣದ ಚೀಟಿಗಳನ್ನು ರಾಜ್ಯದ ಎಲ್ಲ ಕಡೆ ಕೈಯಲ್ಲಿ ಎಣಿಸಿ ಎಂದಿತು. ಮರುದಿನ ಬೆಳಿಗ್ಗೆ ಎಣಿಕೆ ಶುರುವಾಯಿತು. ಪಾಮ್ ಬೀಚ್ ಮತ್ತು ಮಯಾಮಿಯ ಮತಪತ್ರಗಳು ಅಷ್ಟರಲ್ಲಿ ಟ್ರಕ್ ಹತ್ತಿ ರಾಜಧಾನಿ ಟ್ಯಾಲಹಾಸಿಗೆ ಬಂದಿದ್ದವು. ಮಯಾಮಿಯ ಸುಮಾರು 9,000 ಚೀಟಿಗಳನ್ನು ಅಲ್ಲಿನ ಗ್ರಂಥಾಲಯದಲ್ಲಿ ನ್ಯಾಯಾಧೀಶರೇ ಕೂತು ನೋಡುತ್ತಿದ್ದರು. ಮಧ್ಯಾಹ್ನ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟ್ 5-4ರಲ್ಲಿ ತಡೆ ಕೊಟ್ಟಿತು.

ಡಿಸೆಂಬರ್ 12ರ ರಾತ್ರಿ ಹತ್ತರ ಹೊತ್ತಿಗೆ ತೀರ್ಪು ಬಂತು. ಒಂದೊಂದು ಕಡೆ ಒಂದೊಂದು ಅಳತೆಯಲ್ಲಿ ಎಣಿಸುವುದು ಸಮಾನತೆಯ ಹಕ್ಕಿಗೆ ತಕ್ಕದ್ದಲ್ಲ ಎಂಬುದನ್ನು ಏಳು ಜನ ಒಪ್ಪಿದರು. ಹಾಗಿದ್ದರೆ ಒಂದೇ ಅಳತೆ ಮಾಡಿ ಎಣಿಸಲು ಬಿಡಬೇಕಾ, ನಿಲ್ಲಿಸಿಬಿಡಬೇಕಾ? ಇಲ್ಲಿ ಕೋರ್ಟ್ ಒಡೆಯಿತು. ರೆನ್‌ಕ್ವಿಸ್ಟ್, ಸ್ಕಾಲಿಯಾ, ಥಾಮಸ್, ಓ'ಕಾನರ್, ಕೆನಡಿ ಐವರು ಸಮಯ ಮುಗಿಯಿತು ಎಂದರು. ಸೌಟರ್ ಮತ್ತು ಬ್ರೈಯರ್ ತೊಂದರೆ ಇರುವುದನ್ನು ಒಪ್ಪಿದರೂ ಎಣಿಕೆ ಮುಂದುವರಿಯಲಿ ಎಂದರು. ಸ್ಟೀವನ್ಸ್ ಮತ್ತು ಗಿನ್ಸ್‌ಬರ್ಗ್ ಎರಡನ್ನೂ ಒಪ್ಪಲಿಲ್ಲ. ಈ ತೀರ್ಪು ಈಗಿನ ಸಂದರ್ಭಕ್ಕೆ ಮಾತ್ರ ಎಂದು ಬಹುಮತದ ತೀರ್ಪಿನಲ್ಲೇ ಬರೆದಿತ್ತು. ಒಂದು ತತ್ವ ಅಷ್ಟು ಗಟ್ಟಿಯಾಗಿದ್ದರೆ ಅದು ಮುಂದಿನ ಕೇಸಿಗೂ ಯಾಕೆ ಅನ್ವಯಿಸಬಾರದು? ಈ ಪ್ರಶ್ನೆಗೆ ತೃಪ್ತಿ ಕೊಡುವ ಉತ್ತರವನ್ನು ನಾನು ಎಲ್ಲೂ ಕಂಡಿಲ್ಲ.

ಇನ್ನೊಂದು ವಾರ ಕೊಟ್ಟಿದ್ರೆ ಏನಾಗ್ತಿತ್ತು? ಅಂಥ ಅವಸರ ಏನಿತ್ತು?

ಎಲೆಕ್ಟರುಗಳು ಸೇರಿ ಮತ ಹಾಕಬೇಕಾಗಿದ್ದದ್ದು ಡಿಸೆಂಬರ್ 18ಕ್ಕೆ. ಅದಕ್ಕೆ ಆರು ದಿನ ಮುಂಚೆ ರಾಜ್ಯ ತನ್ನ ತಕರಾರನ್ನೆಲ್ಲ ಮುಗಿಸಿಕೊಂಡರೆ ಸಂಸತ್ತು ಆ ಫಲಿತಾಂಶವನ್ನು ಒಪ್ಪಬೇಕು ಎಂದು ಹಳೇ ಕಾನೂನು ಹೇಳುತ್ತಿತ್ತು. ಆ ದಿನವೇ ಡಿಸೆಂಬರ್ 12. ಫ್ಲೋರಿಡಾ ಆ ರಕ್ಷಣೆಯನ್ನು ಬಯಸಿದೆ, ಹಾಗಾಗಿ ಅದೇ ಕೊನೆ ಗಡುವು ಎಂದರು ಐವರು. ಆ ದಿನ ಕಳೆದರೆ ಮತ ಬಿದ್ದುಹೋಗುತ್ತದೆ ಎಂದು ಕಾನೂನಿನಲ್ಲಿ ಎಲ್ಲೂ ಇಲ್ಲ. 1960ರ ಚುನಾವಣೆಯಲ್ಲಿ ಹವಾಯಿ 1961ರ ಜನವರಿಯಲ್ಲಿ ತನ್ನ ಫಲಿತಾಂಶ ಬದಲಿಸಿ ಕಳಿಸಿತ್ತು. ಸಂಸತ್ತು ಅದನ್ನು ಒಪ್ಪಿತ್ತು.

ಗೋರ್ ಡಿಸೆಂಬರ್ 13ರಂದು ಸೋಲೊಪ್ಪಿದರು. ಉಪಾಧ್ಯಕ್ಷರಾಗಿ 2001ರ ಜನವರಿ 6ರಂದು ತಮ್ಮ ಸೋಲಿನ ಎಣಿಕೆಯನ್ನು ತಾವೇ ನಡೆಸಿಕೊಟ್ಟರು. ಕಪ್ಪು ಸಂಸದರು ಒಬ್ಬರಾದ ಮೇಲೆ ಒಬ್ಬರು ಎದ್ದು ತಕರಾರು ಹೇಳಿದರು. ಅದಕ್ಕೆ ಒಬ್ಬ ಸೆನೆಟರ್ ಸಹಿಯಾದರೂ ಬೇಕಿತ್ತು. ನೂರು ಸೆನೆಟರುಗಳಲ್ಲಿ ಒಬ್ಬರೂ ಸಹಿ ಹಾಕಲಿಲ್ಲ.

## ಇನ್ನಷ್ಟು ಆಳಕ್ಕೆ

ಎಲ್ಲ ಮತ ಎಣಿಸಿದ್ದರೆ ಕೊನೆಗೆ ಗೆಲ್ತಿದ್ದದ್ದು ಯಾರು? ನೇರವಾಗಿ ಹೇಳಿ.

ಹೇಗೆ ಎಣಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಹಾರಿಕೆ ಉತ್ತರ ಅಂತ ಅನ್ನಬೇಡಿ, ಅಂಕಿ ಇದೆ.

ಷಿಕಾಗೋ ವಿಶ್ವವಿದ್ಯಾಲಯದ ರಾಷ್ಟ್ರೀಯ ಅಭಿಪ್ರಾಯ ಸಂಶೋಧನಾ ಕೇಂದ್ರ, ದೊಡ್ಡ ಪತ್ರಿಕೆಗಳ ಕೂಟಕ್ಕಾಗಿ, ಯಂತ್ರಗಳು ತಿರಸ್ಕರಿಸಿದ್ದ 1,75,010 ಮತಪತ್ರಗಳನ್ನು ಒಂದೊಂದಾಗಿ ನೋಡಿಸಿತು. ಫಲಿತಾಂಶ 2001ರ ನವೆಂಬರ್‌ನಲ್ಲಿ ಹೊರಬಂತು. ಗೋರ್ ಕೇಳಿದ ನಾಲ್ಕು ಕೌಂಟಿ ಎಣಿಕೆ ಪೂರ್ತಿಯಾಗಿದ್ದರೂ ಬುಷ್ 225 ಮತದಿಂದ ಗೆಲ್ಲುತ್ತಿದ್ದರು. ಫ್ಲೋರಿಡಾ ಸುಪ್ರೀಂ ಕೋರ್ಟ್ ಆದೇಶದಂತೆ ಎಣಿಸಿದ್ದರೆ ಬುಷ್ ಅಂತರ 493. ತಿರಸ್ಕೃತವಾದ ಎಲ್ಲ ಮತಪತ್ರಗಳನ್ನೂ ಇಡೀ ರಾಜ್ಯದಲ್ಲಿ ನೋಡಿದ್ದರೆ ಗೋರ್ ಗೆಲುವು, ಅಳತೆ ಯಾವುದು ಎಂಬುದರ ಮೇಲೆ 60ರಿಂದ 171 ಮತ.

ಈ ವ್ಯತ್ಯಾಸ ಎಲ್ಲಿಂದ ಬಂತು? ತಿರಸ್ಕೃತ ಮತಗಳಲ್ಲಿ ಎರಡು ಜಾತಿ. ಯಂತ್ರಕ್ಕೆ ಯಾವ ಗುರುತೂ ಕಾಣದವು ಅಂಡರ್‌ವೋಟ್, ಸುಮಾರು 61,000. ಒಂದಕ್ಕಿಂತ ಹೆಚ್ಚು ಗುರುತು ಇದ್ದವು ಓವರ್‌ವೋಟ್, ಸುಮಾರು 1,14,000. ಟಿವಿಯಲ್ಲಿ ಭೂತಗನ್ನಡಿ ಹಿಡಿದು ನೋಡಿದ್ದೆಲ್ಲ ಮೊದಲ ಜಾತಿ. ಎರಡನೇದನ್ನು ನೋಡಿ ಎಂದು ಬುಷ್ ವಕೀಲರೂ ಹಟ ಹಿಡಿಯಲಿಲ್ಲ, ಗೋರ್ ವಕೀಲರೂ ಕೇಳಲಿಲ್ಲ. ಎರಡು ಗುರುತಿದ್ದರೆ ಮನಸ್ಸು ತಿಳಿಯುವುದು ಹೇಗೆ ಎಂದುಕೊಂಡರು. ಆದರೆ ಗೋರ್ ಹೆಸರಿಗೆ ಗುರುತು ಹಾಕಿ, ಕೆಳಗೆ ಬೇರೆ ಹೆಸರು ಬರೆಯಲು ಬಿಟ್ಟ ಜಾಗದಲ್ಲೂ ಗೋರ್ ಎಂದೇ ಬರೆದವರಿದ್ದರು. ಬುಷ್‌ಗೂ ಹಾಗೇ ಮಾಡಿದವರಿದ್ದರು. ಇದಕ್ಕಿಂತ ಸ್ಪಷ್ಟ ಮನಸ್ಸು ಬೇಕಾ? ಯಂತ್ರ ಮಾತ್ರ ಎರಡು ಮತ ಎಂದು ಓದಿ ಎಸೆಯಿತು. ಉತ್ತರ ಇದ್ದ ಪೆಟ್ಟಿಗೆಯನ್ನು ತೆರೆಯಿರಿ ಎಂದು ಕೇಳಿದವರೇ ಇಲ್ಲ.

ಇಲ್ಲಿ ಬಟರ್‌ಫ್ಲೈ ಮತಪತ್ರದಲ್ಲಿ ತಪ್ಪಿ ಬುಕಾನನ್‌ಗೆ ಬಿದ್ದ ಮತಗಳಿಲ್ಲ. ಅವು ಸರಿಯಾದ ಮತಗಳೆಂದೇ ಲೆಕ್ಕಕ್ಕೆ ಹೋಗಿದ್ದವು. ಅಂದುಕೊಂಡವರಿಗೇ ಮತ ಬಿದ್ದಿದ್ದರೆ ಗೋರ್ ಸಾವಿರಾರು ಮತದಿಂದ ಗೆಲ್ಲುತ್ತಿದ್ದರು. ಆದರೆ ಅದನ್ನು ಯಾವ ಮರುಎಣಿಕೆಯೂ ಸರಿಮಾಡಲಾರದು.

ಫ್ಲೋರಿಡಾದಲ್ಲಿ ಇಂಥದ್ದು ಅದೇ ಮೊದಲ ಸಲವಾ?

ಅಲ್ಲ. 1876ರಲ್ಲೂ ಫ್ಲೋರಿಡಾ, ಲೂಸಿಯಾನಾ, ಸೌತ್ ಕ್ಯಾರೊಲೈನಾ ರಾಜ್ಯಗಳಿಂದ ಎರಡೆರಡು ಫಲಿತಾಂಶ ವಾಷಿಂಗ್ಟನ್ನಿಗೆ ಹೋದವು. ಫ್ಲೋರಿಡಾದ ಮತ ಆಗ ಬರೀ ನಾಲ್ಕು. 15 ಜನರ ಆಯೋಗ ಕೂತು, 8-7ರಂತೆ ಎಲ್ಲವನ್ನೂ ರುದರ್‌ಫರ್ಡ್ ಹೇಯ್ಸ್‌ಗೆ ಕೊಟ್ಟಿತು. ಅವರು ಸ್ಯಾಮ್ಯುಯೆಲ್ ಟಿಲ್ಡನ್ ಎದುರು 185-184ರಲ್ಲಿ ಅಧ್ಯಕ್ಷರಾದರು. ಆ ಆಯೋಗದಲ್ಲೂ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರಿದ್ದರು. ಆ ತೀರ್ಮಾನದ ಬೆನ್ನಲ್ಲೇ ದಕ್ಷಿಣದ ರಾಜ್ಯಗಳಿಂದ ಸೇನೆಯ ರಕ್ಷಣೆ ಹೋಯಿತು. ಮುಂದಿನ ವರ್ಷಗಳಲ್ಲಿ ಕಪ್ಪು ಜನರ ಮತದ ಹಕ್ಕೂ ಕೈತಪ್ಪಿತು.

ನಮ್ಮ ಇವಿಎಂ ಇದ್ದಿದ್ರೆ ಈ ರಗಳೆನೇ ಇರ್ತಿರಲಿಲ್ಲ ಅಲ್ವಾ?

ಒಂದು ರಗಳೆ ಇರುತ್ತಿರಲಿಲ್ಲ. ನಮ್ಮ ಯಂತ್ರದಲ್ಲಿ ಒಂದು ಗುಂಡಿ ಒತ್ತಿದ ಮೇಲೆ ಇನ್ನೊಂದು ಕೆಲಸ ಮಾಡದು. ಹಾಗಾಗಿ ಓವರ್‌ವೋಟ್ ಆಗುವುದಿಲ್ಲ. ಹೆಸರು, ಚಿಹ್ನೆ, ಗುಂಡಿ ಮೂರೂ ಒಂದೇ ಸಾಲಿನಲ್ಲಿ ಇರುವುದರಿಂದ ಬಟರ್‌ಫ್ಲೈ ಗೊಂದಲವೂ ಇಲ್ಲ. ಒಂದು ಬೂತಿನಲ್ಲಿ ಒಂದೋ ಎರಡೋ ಹುದ್ದೆಗೆ ಮತ ಹಾಕುವ ನಮಗೆ ಇದು ಸುಲಭ. ಅಮೆರಿಕದ ಮತದಾರ ಒಂದೇ ಸಲಕ್ಕೆ ಅಧ್ಯಕ್ಷರಿಂದ ಹಿಡಿದು ಸ್ಥಳೀಯ ನ್ಯಾಯಾಧೀಶರವರೆಗೆ ಹತ್ತಾರು ತೀರ್ಮಾನಕ್ಕೆ ಗುರುತು ಹಾಕಬೇಕು.

ಫ್ಲೋರಿಡಾವೇ ಯಂತ್ರದ ದಾರಿ ಹಿಡಿದು ನೋಡಿತು. 2001ರಲ್ಲಿ ಪಂಚ್ ಕಾರ್ಡ್ ನಿಷೇಧವಾಯಿತು. ಹಲವು ಕೌಂಟಿಗಳು ಟಚ್‌ಸ್ಕ್ರೀನ್ ಕೊಂಡವು. 2006ರಲ್ಲಿ ಸರಸೋಟಾ ಕೌಂಟಿಯ ಸಂಸತ್ ಚುನಾವಣೆಯಲ್ಲಿ ಸುಮಾರು 18,000 ಜನರ ಮತ ಖಾಲಿ ಬಂತು. ಅಂತರ 400ಕ್ಕೂ ಕಡಿಮೆ. ತಿರುಗಿ ನೋಡಲು ಕಾಗದವೇ ಇರಲಿಲ್ಲ. ಮರುವರ್ಷ ರಾಜ್ಯ ಕಾಗದದ ಮತಪತ್ರಕ್ಕೇ ವಾಪಸಾಯಿತು. ನಮ್ಮಲ್ಲಿ ವಿವಿಪ್ಯಾಟ್ ಬೇಕೆಂದು ಹಟ ಹಿಡಿದವರ ಮಾತಿನಲ್ಲಿ ಹುರುಳಿತ್ತು ಎನ್ನಲು ಸರಸೋಟಾ ಒಂದೇ ಸಾಕು.

ಈಗ ಎಲ್ಲ ಸರಿ ಹೋಗಿದೆಯಾ? ಮತ್ತೆ ಹಾಗೇ ಆಗೋಕೆ ಸಾಧ್ಯನಾ?

ತುಂಬಾ ಸರಿ ಹೋಗಿದೆ. 2002ರಲ್ಲಿ ಸಂಸತ್ತು ಹೊಸ ಕಾನೂನು ತಂದು ಹಳೇ ಯಂತ್ರ ಬದಲಿಸಲು ರಾಜ್ಯಗಳಿಗೆ ಹಣ ಕೊಟ್ಟಿತು. ಪಟ್ಟಿಯಲ್ಲಿ ಹೆಸರಿಲ್ಲದವರೂ ತಾತ್ಕಾಲಿಕ ಮತ ಹಾಕಿ, ಆಮೇಲೆ ಪರಿಶೀಲನೆ ಆಗುವ ಏರ್ಪಾಡು ಬಂತು. ಫ್ಲೋರಿಡಾದಲ್ಲಿ ಅಂತರ ಶೇ. 0.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಯಂತ್ರದಲ್ಲಿ, 0.25 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೈಯಲ್ಲಿ, ರಾಜ್ಯಕ್ಕೆಲ್ಲ ಒಂದೇ ಅಳತೆಯಲ್ಲಿ ಮರುಎಣಿಕೆ. ಅಂಡರ್‌ವೋಟ್, ಓವರ್‌ವೋಟ್ ಎರಡನ್ನೂ ನೋಡಬೇಕು. ಶಿಕ್ಷೆ ಮುಗಿಸಿದ ಹೆಚ್ಚಿನವರಿಗೆ ಮತದ ಹಕ್ಕು ಕೊಡಲು 2018ರಲ್ಲಿ ರಾಜ್ಯದ ಜನರೇ ಮತ ಹಾಕಿದರು. ದಂಡ, ಶುಲ್ಕ ಕಟ್ಟಿದ ಮೇಲೆ ಮಾತ್ರ ಎಂದು ಮರುವರ್ಷ ಶಾಸಕಾಂಗ ಅದಕ್ಕೆ ಷರತ್ತು ಹಾಕಿತು.

ಆದರೆ ಮತಪತ್ರದ ವಿನ್ಯಾಸ ಇನ್ನೂ ಕೌಂಟಿಯ ಕೈಯಲ್ಲೇ ಇದೆ. 2018ರಲ್ಲಿ ಸೆನೆಟ್ ಸ್ಥಾನಕ್ಕೆ ರಿಕ್ ಸ್ಕಾಟ್ ಮತ್ತು ಬಿಲ್ ನೆಲ್ಸನ್ ನಡುವೆ ನಡೆದ ಸ್ಪರ್ಧೆಯಲ್ಲಿ ಅಂತರ ಸುಮಾರು 10,000. ಬ್ರೋವರ್ಡ್ ಕೌಂಟಿ ಆ ಸ್ಪರ್ಧೆಯನ್ನು ಮೊದಲ ಪುಟದ ಎಡ ಮೂಲೆಯಲ್ಲಿ, ಉದ್ದದ ಸೂಚನೆಗಳ ಕೆಳಗೆ ಅಚ್ಚು ಹಾಕಿತ್ತು. ಅಲ್ಲಿ ಗವರ್ನರ್ ಸ್ಥಾನಕ್ಕೆ ಮತ ಹಾಕಿದವರಿಗಿಂತ ಸೆನೆಟ್‌ಗೆ ಮತ ಹಾಕಿದವರು ಸುಮಾರು 25,000 ಕಡಿಮೆ. ಕೈ ಎಣಿಕೆಯಲ್ಲಿ ತೆಗೆದು ನೋಡಿದಾಗ ಆ ಮೂಲೆ ನಿಜಕ್ಕೂ ಖಾಲಿ ಇತ್ತು.